ಟಾವೆಲ್ ಕೆಳಗಿನ ಬೆರಳು

ಝಳಕಿಯ ಜೈನುದ್ದೀನ ದನದ ದಲಾಲ. ಅವನ ಕೈಯಿಂದ ಮಾರಾಟವಾದ ಎತ್ತುಗಳನ್ನು ಸಾಲಾಗಿ ನಿಲ್ಲಿಸಿದರೆ ಮೊದಲನೆಯದು ಇಂಡಿ ಸಂತೆಯಲ್ಲಿ, ಕೊನೆಯದು ಸಮುದ್ರದಲ್ಲಿ ನಿಲ್ಲುತ್ತಿತ್ತು. ಸುಳ್ಳೆನ್ನುವವರು ಎಣಿಸಿಕೊಳ್ಳಲಿ.

ಮೂರು ವರ್ಷದ ಹಿಂದೆ, ಎರಡು ಸಾವಿರದ ಐದರಲ್ಲಿ, ಹೃದಯದಿಂದ ಹೊರಡುವ ಅವನ ದೊಡ್ಡ ರಕ್ತನಾಳ ಒಳಗೊಳಗೇ ಸೀಳಿತ್ತು. ಎದೆಯನ್ನು ಟ್ರಂಕಿನಂತೆ ತೆರೆದು, ಮೇಲಿನ ತುಂಡಿಗೆ ಬಟ್ಟೆಯ ನಳಿಕೆ ಹೊಲಿದಿದ್ದರು. ಕೆಳಗಿನ ಸೀಳು ಹಾಗೇ ಉಳಿದಿತ್ತು. ಈಗ ಅದು ಉಬ್ಬಿದೆ.

ಹೈದರಾಬಾದಿನ ದವಾಖಾನೆಯ ಹಾಸಿಗೆಯಲ್ಲಿ ಅವನು ತನ್ನ ಕಾಲುಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ. ಈ ಸಲ ಎದೆ ತೆರೆಯುವುದಿಲ್ಲ. ತೊಡೆಸಂದಿಯಿಂದ ಮಡಚಿದ ನಳಿಕೆ ತೂರಿಸಿ, ಸೀಳಿನ ಜಾಗದಲ್ಲಿ ಛತ್ರಿಯಂತೆ ಬಿಚ್ಚುತ್ತಾರೆ. ಆದರೆ ಬೆನ್ನುಹುರಿಗೆ ರಕ್ತ ಸಾಲದಿದ್ದರೆ ಎರಡೂ ಕಾಲು ಹೋಗಬಹುದು. ಎಷ್ಟು ಮಂದಿಗೆ ಹಾಗಾಗುತ್ತದೆಂದು ಡಾಕ್ಟರು ಅವನ ಪಾಲುದಾರ ಶಂಕರೆಪ್ಪನನ್ನು ಹೊರಗೆ ಕರೆದು ಹೇಳಿದ್ದರು. ಸಹಿ ಮಾತ್ರ ಜೈನುದ್ದೀನನೇ ಹಾಕಬೇಕು.

ಪಕ್ಕದಲ್ಲಿ ಹೆಂಡತಿ ಸಗೀರಾ. ಅವಳ ಕಿವಿಗೆ ಬಿದ್ದರೆ ಗಂಡನನ್ನು ಹೊತ್ತುಕೊಂಡೇ ಊರಿಗೆ ಹೋಗುವ ಹೆಂಗಸು.

"ಶಂಕ್ರೆಪ್ಪಾ, ಟಾವೆಲ್ ಹಾಸಪಾ. ನೂರಕ್ಕ ಎಷ್ಟ ಅಂದ್ರು?" ಎಂದ ಜೈನುದ್ದೀನ.

ಸಂತೆಯಲ್ಲಿ ದನದ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟಾವೆಲ್ ಮುಚ್ಚಿ, ಒಬ್ಬರ ಬೆರಳನ್ನೊಬ್ಬರು ಹಿಡಿದು ಹೇಳುವುದು.

"ಇಲ್ಲೂ ಯಾಪಾರೇನ್ರಿ? ಯಾರ ಎತ್ತು?" ಎಂದಳು ಸಗೀರಾ.

"ಮುದಿ ಎತ್ತು ಬಿಡವ್ವ. ಹಲ್ಲ ನೋಡಿದ್ರ ಯಾರೂ ಒಯ್ಯಂಗಿಲ್ಲ," ಎಂದ ಶಂಕರೆಪ್ಪ.

ಅವನು ಟಾವೆಲ್ ಕೆಳಗೆ ಜೈನುದ್ದೀನನ ಒಂದು ಬೆರಳು ಹಿಡಿದ. ನೂರಕ್ಕೆ ಒಬ್ಬ.

ಖರೆ ಬೆಲೆ ಹೇಳುವ ಕೈ ಹಿಡಿದು, ಅಲುಗಿಸಿ, ಬಿಡುತ್ತದೆ. ಇದು ಬಿಡಲೇ ಇಲ್ಲ. ಹಿಡಿತದಲ್ಲಿ ಕೆರೆ ತುಂಬುವಷ್ಟು ಬೆವರು. ಇಪ್ಪತ್ತು ವರ್ಷ ಸಂತೆಯನ್ನೆಲ್ಲ ಮೋಸಗೊಳಿಸಿದ ಆ ಕೈ ಇವನಿಗೆ ಮಾತ್ರ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಜೈನುದ್ದೀನ ಆ ಕೈಯನ್ನೇ ತಿರುಗಿಸಿ ಹಿಡಿದ. ಎರಡು ಬೆರಳು. ಅದು ಅಲುಗಲಿಲ್ಲ. ಮೂರು. ನಾಲ್ಕು. ಐದನೆಯದು ಸೇರಿದಾಗ ಶಂಕರೆಪ್ಪ ಕಿಟಕಿಯತ್ತ ಮುಖ ತಿರುಗಿಸಿದ. ಕೈಯ ಬಿಗಿ ಸಡಿಲವಾಯಿತು.

ನೂರಕ್ಕೆ ಐವರು. ಜೈನುದ್ದೀನ ಹೆದರಿಕೆಗಾಗಿ ಕಾದ. ಬರಲಿಲ್ಲ. ಯಾರದೋ ಎತ್ತಿನ ಬೆಲೆ ಕೇಳಿದಷ್ಟೇ ಆಯಿತು.

"ಹತ್ತ ಅಂದಿದ್ರೂ ಮಾಡಸ್ಕೊತಿದ್ನೆಲೇ," ಎಂದ ಮೆಲ್ಲಗೆ. "ನೀ ನನಗೂ ಸುಳ್ಳ ಹೇಳಿ ಒಂದ ಅಂದಿ ನೋಡು, ಅದಕ್ಕ ಊರಿಗೆ ಎದ್ದ ಹೋಗಬೇಕಂತ ಅನಸ್ತು."



"ಯಾಪಾರ ಮುಗೀತೇನ್ರಿ?" ಎಂದಳು ಸಗೀರಾ.

"ಮುಗೀತು. ಆ ಕಾಗದ ತಗೊಂಬಾ."

ಅವನು ಎಡಗೈಯಲ್ಲಿ ಸಹಿ ಹಾಕಿದ. ಬಲಗೈಯನ್ನು ಶಂಕರೆಪ್ಪ ಇನ್ನೂ ಬಿಟ್ಟಿರಲಿಲ್ಲ.