ಕೆರೆ ಅಜ್ಜನಿಗೆ ಒಂಬತ್ತು ಪ್ರಶ್ನೆ

೧೯೮೬ರ ಬೇಸಿಗೆಯಲ್ಲಿ ಅನುಸೂಯ ಒಂದು ಆಟ ಬರೆಯುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿತ್ತು. ಪಕ್ಕದ ಶೆಡ್ಡಿನ ಪ್ರೆಸ್ ಮೆಷಿನ್ ಏಟು ಬಿದ್ದಾಗಲೆಲ್ಲ ಮೇಜಿನ ಮೇಲಿನ ಟೀ ಲೋಟ ಅಲುಗುತ್ತಿತ್ತು. ಶಾಲೆಗಳಿಗೆಂದು, ಟೀವಿಗೆ ಸಿಕ್ಕಿಸಿ ನಡೆಸುವ ಪುಟ್ಟ ಕಂಪ್ಯೂಟರ್‌ಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಮಕ್ಕಳು ಯಂತ್ರಕ್ಕೆ ಹೆದರಬಾರದು, ಜೊತೆಗೊಂದು ಆಟ ಇರಲಿ ಎಂದು ಮಾಲೀಕ ಶ್ಯಾಮಣ್ಣ ಹೇಳಿದಾಗ, ಲಗ್ಗೆರೆಯ ಬೇಸಾಯದ ಮನೆಯಿಂದ ಬಂದು ಡಿಪ್ಲೊಮಾ ಮುಗಿಸಿದ್ದ ಅನುಸೂಯ ತಾನಾಗಿ ಮುಂದೆ ಬಂದಿದ್ದಳು.

ಆಟದಲ್ಲಿ ಚಿತ್ರಗಳಿರಲಿಲ್ಲ. ಪರದೆಯ ಮೇಲೆ ಬರೀ ಮಾತು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಬತ್ತಿಹೋದ ಏಳು ಕೆರೆಗಳ ನೀರನ್ನು ಹುಡುಕಿಕೊಂಡು ಆಡುವವನು ಹೊರಡಬೇಕು. ಮೊದಲ ಕೆರೆಯ ಏರಿಯ ಮೇಲೆ, ಹೊಂಗೆ ಮರದ ಕೆಳಗೆ ಒಬ್ಬ ಅಜ್ಜ ಕೂತಿರುತ್ತಾನೆ. ಅವನನ್ನು ಕೇಳದೆ ಮುಂದಿನ ದಾರಿ ತಿಳಿಯದು. ದೀಪ ಎಲ್ಲಿ, ದೋಣಿ ಯಾರದು, ಯಾವ ತೂಬನ್ನು ಮುಟ್ಟಬಾರದು, ಎಲ್ಲವೂ ಅವನಿಗೆ ಗೊತ್ತು.

ಅಜ್ಜನ ಮಾತು ಬರೆಯುವಾಗ ಅವಳ ಕಿವಿಯಲ್ಲಿ ಇದ್ದದ್ದು ಹನುಮಂತಯ್ಯನವರ ದನಿ. ಕಂಪನಿಯಲ್ಲಿ ತಯಾರಾದ ಪ್ರತಿ ಯಂತ್ರವನ್ನೂ ಪರೀಕ್ಷಿಸಿ ಸಹಿ ಹಾಕುತ್ತಿದ್ದವರು ಅವರು. ಐವತ್ತೆಂಟು ತುಂಬಿ ನಿವೃತ್ತರಾಗಲು ಇನ್ನು ಒಂದು ತಿಂಗಳಿತ್ತು. ಕೆಟ್ಟ ಬೋರ್ಡು ಹಿಡಿದು ಬಂದವರಿಗೂ, ಮನೆಯ ಜಗಳ ಹೊತ್ತು ಬಂದವರಿಗೂ ಅವರ ಬೆಂಚಿನ ಹತ್ತಿರ ಒಂದು ಸ್ಟೂಲು ಇರುತ್ತಿತ್ತು.

"ನಾನೂ ಆಡಿ ನೋಡ್ಲೇನಮ್ಮ?" ಎಂದು ಅವರೇ ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದರು. ಆಮೇಲೆ ದಿನಾ ಅರ್ಧ ಗಂಟೆ ಪರದೆಯ ಮುಂದೆ ಕೂತು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದರು.

ಅಜ್ಜನಿಗೆ ಗೊತ್ತಿದ್ದದ್ದು ನೂರೈವತ್ತು ಪದ ಅಷ್ಟೇ. ಬೇರೆ ಏನು ಕೇಳಿದರೂ ಅವನು ಹೇಳುತ್ತಿದ್ದದ್ದು ಒಂದೇ: "ಮಗೂ, ನಿನ್ನ ಮಾತು ತಿಳಿಯಲಿಲ್ಲ. ಬೇರೆ ಥರ ಕೇಳು." ಯಾವ ಪದಗಳನ್ನು ಇನ್ನೂ ಸೇರಿಸಬೇಕೆಂದು ತಿಳಿಯಲು, ಅಜ್ಜನಿಗೆ ಅರ್ಥವಾಗದ ಸಾಲುಗಳೆಲ್ಲ ಫ್ಲಾಪಿಯಲ್ಲಿ ಉಳಿಯುವಂತೆ ಅನುಸೂಯ ಮಾಡಿದ್ದಳು. ಅದನ್ನು ಹನುಮಂತಯ್ಯನವರಿಗೆ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಆ ಸಾಲುಗಳನ್ನು ತೆರೆದಳು. ಮೊದಲಿನವು ಅವಳು ಎಣಿಸಿದಂಥವೇ. "ದೋಣಿ ತೂತು ಮುಚ್ಚು." "ಬೀಡಿ ಹಚ್ಚು." ಅವಳಿಗೆ ನಗು ಬಂತು. ಅದರ ಕೆಳಗೆ ಹನುಮಂತಯ್ಯ ಬುಧವಾರ ಒತ್ತಿದ ಸಾಲುಗಳಿದ್ದವು.

"ಅಜ್ಜ, ಎಂಟು ಗಂಟೆ ಓಡಿಸಿಲ್ಲ."

"ಒಂದೊಂದನ್ನು ಒಂದೇ ಗಂಟೆ ಓಡಿಸಿದ್ದು."

"ಓಡಿಸಿದ್ದೇನೆ ಅಂತ ಸಹಿ ಹಾಕಿದೆ."

"ಒಂದನ್ನು ಮಾತ್ರ ಮೂರು ಗಂಟೆ ಓಡಿಸಿದೆ, ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂತು."

"ಮಕ್ಕಳು ಮುಟ್ಟುತ್ತವೆ."

"ಹೇಳಲೋ ಬೇಡವೋ."

ಇಂಥವು ಒಂಬತ್ತಿದ್ದವು. ಬೇರೆ ಥರ ಕೇಳು ಎಂದು ಅಜ್ಜ ಹೇಳಿದಾಗಲೆಲ್ಲ ಅವರು ನಿಜವಾಗಿ ಬೇರೆ ಥರ ಕೇಳಿದ್ದರು. ಕೊನೆಯ ಸಾಲು "ಅಜ್ಜ ಇದ್ದೀಯಾ" ಎಂದಿತ್ತು.

ಅನುಸೂಯ ಎದ್ದು ನಿಂತಳು. ಮತ್ತೆ ಕೂತಳು. ವಿಷಯ ಅವಳಿಗೆ ತಕ್ಷಣ ತಿಳಿಯಿತು. ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದ ನಲವತ್ತು ಯಂತ್ರಗಳು ಗೋಡೆಗೆ ಒರಗಿ ಪೆಟ್ಟಿಗೆಗಳಲ್ಲಿ ಕೂತಿದ್ದವು. ಸೋಮವಾರ ಲಾರಿ ಬರುವುದಿತ್ತು. ಪ್ರತಿ ಯಂತ್ರವನ್ನೂ ಎಂಟು ಗಂಟೆ ಬಿಡದೆ ಓಡಿಸಿ ನೋಡಬೇಕು. ಕರೆಂಟು ಹೋಗಿ ಬಂದು, ದಿನ ಸಾಲದೆ, ಅದು ಆಗಿಲ್ಲ. ಆಗಿದೆ ಎಂಬ ಕಾಗದದ ಕೆಳಗೆ ಅವರ ಸಹಿ ಇದೆ.

ಅವಳು ಹೊರಗೆ ಹೋಗಿ ಗೇಟಿನವರೆಗೆ ನಡೆದು ಹಿಂದಿರುಗಿದಳು. ನೀರು ಕುಡಿದಳು. ಆಮೇಲೆ ಅವಳಿಗೆ ಒಂದು ಯೋಚನೆ ಬಂತು: ಅಜ್ಜನ ಕೈಲೇ ಉತ್ತರ ಹೇಳಿಸಿಬಿಟ್ಟರೆ? ಅವರು ಮಧ್ಯಾಹ್ನ ಕೇಳಿದಾಗ ಅಜ್ಜ "ಹೇಳಿಬಿಡು ಮಗೂ" ಎಂದರೆ ಸಾಕಲ್ಲವೇ? ಅವಳು ಕೂತು ಬರೆದಳು. ಬರೆದದ್ದನ್ನು ಓದಿ ನೋಡಿದಳು. ಅವರಿಗೆ ಗೊತ್ತಿಲ್ಲದೆ ಅವರ ಮನಸ್ಸಿಗೆ ಕೈ ಹಾಕಿದಂತಿತ್ತು. ಅಳಿಸಿದಳು. ಇನ್ನೊಂದು ಬರೆದಳು, ಅದನ್ನೂ ಅಳಿಸಿದಳು. ಹನ್ನೆರಡಾದರೂ ಬೇರೆ ಕೆಲಸ ಒಂದೂ ಆಗಿರಲಿಲ್ಲ. ಅವಳ ಕಾಲು ಮೇಜಿನ ಕೆಳಗೆ ತಾನಾಗಿ ಕುಣಿಯುತ್ತಿತ್ತು.

ಊಟದ ಹೊತ್ತಿಗೆ ಹನುಮಂತಯ್ಯ ಬಂದು ಸ್ಟೂಲು ಎಳೆದುಕೊಂಡರು.

"ಸಾರ್, ಒಂದ್ನಿಮಿಷ. ನೀವು ಟೈಪ್ ಮಾಡಿದ್ದು... ಅಜ್ಜಂಗೆ ಅರ್ಥ ಆಗ್ದೇ ಇರೋದೆಲ್ಲ ಫ್ಲಾಪೀಲಿ ಉಳ್ಕೊಳ್ತದೆ. ನಾನು ನಿಮಗೆ ಹೇಳಿರ್ಲಿಲ್ಲ."

ಅವರ ಬೆರಳು ಕೀಲಿಯ ಮೇಲೆ ನಿಂತಿತು.

"ಓದಿದೆ ಸಾರ್."

"ಯಾರ್ನ ಕೇಳಿ ಓದ್ದೆ?"

"ಆಟಕ್ಕೆ ಪದ ಸೇರ್ಸೋಕೆ..."

"ಪದ ಸೇರ್ಸೋಕಾ?" ಅವರು ಎದ್ದರು. ಮುಖ ಕೆಂಪಾಗಿತ್ತು. "ಮೂವತ್ತು ವರ್ಸದಿಂದ ಎಲ್ರೂ ನನ್ ತಾವ ಬಂದು ಏಳ್ಕೊತಾರೆ. ಒಬ್ರುದ್ದ ಇನ್ನೊಬ್ರಿಗೆ ಬಾಯ್ ಬಿಟ್ಟಿದೀನಾ? ನನ್ ಮಾತು ಒಂದ್ ದಪ ಆಡಿದ್ದು, ಅದೂ ಮಿಸೀನ್ ತಾವ. ಅದ್ನೂ ಕದ್ದು ಓದ್ದೆ."

ಅವರು ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ಅನುಸೂಯ ಡಬ್ಬಿಯನ್ನು ಅವರ ಬೆಂಚಿನ ಮೇಲೆ ಇಟ್ಟು ಬಂದಳು. ಅವರು ತಲೆ ಎತ್ತಲಿಲ್ಲ.

ಶುಕ್ರವಾರ ಅವರು ಆಟಕ್ಕೆ ಬರಲಿಲ್ಲ. ಅನುಸೂಯ ನಲವತ್ತರಲ್ಲಿ ಒಂದು ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ತನ್ನ ಮೇಜಿಗೆ ತಂದು ಬೆಳಿಗ್ಗೆ ಒಂಬತ್ತಕ್ಕೆ ಚಾಲೂ ಮಾಡಿದಳು. ಹತ್ತು ನಿಮಿಷಕ್ಕೊಮ್ಮೆ ಅಂಗೈ ಇಟ್ಟು ನೋಡುತ್ತಿದ್ದಳು. ಹನ್ನೊಂದಕ್ಕೆ ಬೆಚ್ಚಗಿತ್ತು. ಹನ್ನೆರಡಕ್ಕೆ ಕೈ ಇಡಲಾಗಲಿಲ್ಲ. ಹನ್ನೆರಡೂವರೆಗೆ ಅರಗು ಸುಟ್ಟಂಥ ವಾಸನೆ ಎದ್ದಿತು. ಅವಳು ಸ್ವಿಚ್ ಆರಿಸಿ, ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಹನುಮಂತಯ್ಯನವರ ಬೆಂಚಿನ ಮೇಲೆ ಇಟ್ಟಳು.

ಅವರು ಅದನ್ನು ಮುಟ್ಟಲಿಲ್ಲ. ವಾಸನೆಯೇ ಸಾಕಾಗಿತ್ತು.

"ನಂಗೊತ್ತಿಲ್ವಾ ಇದು?"

"ಗೊತ್ತು ಸಾರ್. ಈಗ ನಂಗೂ ಗೊತ್ತು. ನಿನ್ನೆಯಿಂದ ಕೂತಲ್ಲಿ ಕೂರಕ್ಕಾಗ್ತಿಲ್ಲ. ಏನ್ಮಾಡ್ಬೇಕು ಅಂತ ನಿಮ್ಮನ್ನೇ ಕೇಳೋಣ ಅಂದ್ರೆ ನೀವೇ ಅಜ್ಜನ್ನ ಕೇಳ್ತಿದೀರ."

"ಇನ್ನೊಂದು ವರ್ಸ ಇಟ್ಕೊತೀನಿ ಅಂದವ್ನೆ ಶ್ಯಾಮಣ್ಣ," ಎಂದರು ತಗ್ಗಿದ ದನಿಯಲ್ಲಿ. "ಮನೇಲಿ ಕೂತು ಏನ್ಮಾಡ್ಲಿ ಏಳು. ಕೈ ನಡುಕ ಬತ್ತದೆ ನಂಗೆ ಕೆಲ್ಸ ಇಲ್ದಿದ್ರೆ. ಸೈನ್ ಆಕುವಾಗ್ಲೂ ಅದೇ ಗೆಪ್ತಿ."

"ನಾನೂ ಬರ್ತೀನಿ ನಿಮ್ ಜೊತೆ."

"ನೀನ್ಯಾಕೆ ಬರ್ತೀಯ? ಸೈನ್ ನಂದು."

ಆದರೂ ಅವಳು ಯಂತ್ರವನ್ನು ಎತ್ತಿಕೊಂಡು ಹಿಂದೆಯೇ ಹೋದಳು. ಶ್ಯಾಮಣ್ಣ ಫೋನಿನಲ್ಲಿದ್ದರು. ಹನುಮಂತಯ್ಯ ಫೋನು ಮುಗಿಯುವವರೆಗೂ ಕಾಯದೆ, ಮೇಜಿನ ಮೇಲಿನ ಫೈಲನ್ನು ತಾವೇ ಎಳೆದುಕೊಂಡು, ಪರೀಕ್ಷೆಯ ಕಾಗದ ಹುಡುಕಿ ತಮ್ಮ ಸಹಿಯ ಮೇಲೆ ಎರಡು ಗೆರೆ ಎಳೆದರು.

"ಏನ್ರೀ ಮಾಡ್ತಿದೀರಾ!" ಶ್ಯಾಮಣ್ಣ ಫೋನು ಕುಕ್ಕಿದರು.

"ಓಡ್ಸಿಲ್ಲ ಸಾರ್. ಸುಳ್ಳು ಬರ್ದಿದ್ದೆ. ಟ್ರಾನ್ಸ್‌ಫಾರ್ಮರ್ ಸುಡ್ತಾವೆ. ಸೋಮವಾರ ಕಳ್ಸೋಕಾಗಲ್ಲ."

"ಡೇಟ್ ತಪ್ಪಿದ್ರೆ ಆರ್ಡರೇ ಹೋಗ್ತದೆ ಅಂತ ಗೊತ್ತಿಲ್ವಾ ನಿಮಗೆ? ಅವತ್ತು ನಾನು ಕೇಳ್ದಾಗ ಯಾಕೆ ಹೂಂ ಅಂದ್ರಿ?"

"ಅದೇ ನನ್ ತಪ್ಪು."

ಶ್ಯಾಮಣ್ಣ ಅನುಸೂಯಳ ಕಡೆ ತಿರುಗಿದರು. ಅವಳು ಸುಟ್ಟ ಯಂತ್ರವನ್ನು ಅವರ ಮುಂದೆ ಬಿಚ್ಚಿಟ್ಟಳು. ಅವರು ಮೂಸಿ ನೋಡಿದರು, ಮುಖ ಹಿಂಡಿದರು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಇಬ್ಬರೂ ಹೊರಗೆ ಬಂದರು.

ಸೋಮವಾರ ಲಾರಿ ಬರಲಿಲ್ಲ. ನಲವತ್ತೂ ಯಂತ್ರಗಳನ್ನು ಬಿಚ್ಚಿ ಬೇರೆ ಟ್ರಾನ್ಸ್‌ಫಾರ್ಮರ್ ಹಾಕಲು ಐದು ವಾರ ಹಿಡಿಯಿತು. ಅರ್ಧದಷ್ಟು ಶಾಲೆಗಳು ಅಷ್ಟರಲ್ಲಿ ಬೇಡವೆಂದವು. ಹನುಮಂತಯ್ಯನವರಿಗೆ ಇನ್ನೊಂದು ವರ್ಷ ಸಿಗಲಿಲ್ಲ. ಕೊನೆಯ ದಿನ ಶ್ಯಾಮಣ್ಣ ಹಾರ ಹಾಕಿದರು. ಆದರೆ ಅವರ ಮುಖ ನೋಡಲಿಲ್ಲ.

ಜುಲೈನಲ್ಲಿ ಒಂದು ಸಂಜೆ ಲಗ್ಗೆರೆಯ ಬಸ್ಸಿಗೆ ಕಾಯುತ್ತಿದ್ದ ಅನುಸೂಯಳಿಗೆ ಅವರು ಕಂಡರು. ಕೈಯಲ್ಲಿ ತಂತಿಯ ಸುರುಳಿಗಳ ಚೀಲವಿತ್ತು. ಮನೆಯ ಪಕ್ಕದಲ್ಲೇ ಒಂದು ಸಣ್ಣ ಶೆಡ್ಡಿನಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಿರುವುದಾಗಿ ಹೇಳಿದರು. ಮೊದಲಿಗಿಂತ ಇಳಿದಿದ್ದರು. ಮಾತಾಡುತ್ತಲೇ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು.

"ನನ್ ಮೇಲೆ ಇನ್ನೂ ಕೋಪ ಇದ್ಯಾ ಸಾರ್?"

"ಇನ್ನೂ ಅದೆ," ಎಂದರು ಅವರು. "ಸೈನ್ ಒಡೆದಾಕಿದ್ದಕ್ಕೆ ಅಲ್ಲ. ಅದು ಸರಿ ಆಯ್ತು. ಓದಿದ್ದು ಸರಿ ಇಲ್ಲ ಕಣಮ್ಮ. ಈಗ ಯಾರ ತಾವಾನೂ ಮಾತಾಡೋಕೆ ಎದ್ರಿಕೆ ನಂಗೆ."

ಅವಳು ತಲೆ ತಗ್ಗಿಸಿದಳು. ತಪ್ಪಾಯ್ತು ಎಂದು ಹೇಳಿದಳು, ಹೇಳಿದ್ದು ಸಾಲದೆನ್ನಿಸಿ ಮತ್ತೊಮ್ಮೆ ಹೇಳಿದಳು. ಬಸ್ಸು ತುಂಬಿ ತುಳುಕುತ್ತ ಬಂತು. ಅವರು ಚೀಲವನ್ನು ಎದೆಗೆ ಅವಚಿಕೊಂಡು ಜನರ ನಡುವೆ ನುಗ್ಗಿ, ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು, ಅವಳಿಗೂ ಜಾಗ ಮಾಡಿ ಕೂಗಿದರು: "ಬೇಗ ಅತ್ಕೊಳಮ್ಮ, ಬಸ್ ಬಿಟ್ಬುಡ್ತಾನೆ!"