ಗದರಿಕೆಯ ಕೊನೆಯ ಗಿರಾಕಿ

ಭಾನುವಾರ ಬೆಳಿಗ್ಗೆ ಮುಖ ತೊಳೆಯುವುದಕ್ಕೂ ಮೊದಲೇ ಅವನು ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ತಾಯಿ ಬಾಗಿಲಿಗೆ ಬಂದು ನಿಂತು, "ಇದಾನಾ?" ಎಂದು ಕೇಳುತ್ತಿದ್ದಳು. ಅವನು ಪರದೆಯಲ್ಲಿ ಒಂದು ಅಂಕಿಯನ್ನು ನೋಡಿ "ಇದಾನೆ" ಎನ್ನುತ್ತಿದ್ದ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಅವನ ಹೆಂಡತಿ, ಇವರು ಪೇಪರ್ ಹಾಕುವವನ ವಿಷಯ ಮಾತಾಡುತ್ತಿದ್ದಾರೆ ಎಂದೇ ತಿಳಿದಿದ್ದಳಂತೆ. ವಿಷಯ ಗೊತ್ತಾದ ಮೇಲೆ ಆ ಹೊತ್ತಿಗೆ ಅವಳು ಹಿತ್ತಿಲ ಕಡೆ ಹೋಗಿಬಿಡುತ್ತಿದ್ದಳು.

ಕೇಳುತ್ತಿದ್ದುದು ಅವನ ಅಣ್ಣನ ಬಗ್ಗೆ. ಅಣ್ಣ ಮನೆ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು. ಜಗಳವಿಲ್ಲ, ಸಾಲವಿಲ್ಲ, ಹುಡುಗಿಯ ಗೊಡವೆಯಿಲ್ಲ. ಒಂದು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಗೇಟು ಸದ್ದಾಗದಂತೆ ಎಳೆದುಕೊಂಡು ಹೋದವನು ಬರಲಿಲ್ಲ. ಪೊಲೀಸರು, ಬೆಳೆದ ಗಂಡಸು ತಾನಾಗಿ ಹೋದರೆ ನಾವೇನು ಮಾಡೋಣ ಎಂದು ಕೈ ತೊಳೆದುಕೊಂಡರು. ಕಾರಣ ಗೊತ್ತಿದ್ದರೆ ಮನುಷ್ಯ ಅತ್ತು ಸುಮ್ಮನಾಗುತ್ತಾನೆ. ಕಾರಣವೇ ಇಲ್ಲದೆ ಹೋದವನು ಮನೆಯ ಮೂಲೆಮೂಲೆಯಲ್ಲೂ ಉಳಿದುಬಿಡುತ್ತಾನೆ.

ಇನ್ನು ಆ ಅಂಕಿಯ ವಿಷಯ. ತಮ್ಮನಿಗೆ ಹೊಟ್ಟೆಪಾಡು ಕನ್ನಡಕದ ಅಂಗಡಿ. ಉಳಿದ ಹೊತ್ತೆಲ್ಲ ಬಿಟ್ಟಿ ಚಾಕರಿ. ಎಲ್ಲೆಲ್ಲಿಯವರೋ ಸೇರಿ, ಯಾರಿಂದಲೂ ಕಾಸು ತೆಗೆದುಕೊಳ್ಳದೆ ನಡೆಸುವ ಸಾಫ್ಟ್‌ವೇರ್ ಉಗ್ರಾಣವೊಂದಿದೆ. ಯಾರು ಬೇಕಾದರೂ ತಾವು ಬರೆದ ಪ್ರೋಗ್ರಾಮನ್ನು ಪೊಟ್ಟಣ ಕಟ್ಟಿ ಅಲ್ಲಿಡಬಹುದು, ಯಾರು ಬೇಕಾದರೂ ಒಯ್ಯಬಹುದು. ಇಟ್ಟವರು ಮರೆತು ಹೋಗುತ್ತಾರೆ, ಪೊಟ್ಟಣ ಹಳತಾಗುತ್ತದೆ, ಒಳಗೆ ತೂತು ಬೀಳುತ್ತದೆ, ತೂತಿನಿಂದ ಕಳ್ಳರು ನುಗ್ಗುತ್ತಾರೆ. ಅಂಥ ಹಳೆಯ ಪೊಟ್ಟಣಗಳನ್ನು ಹುಡುಕಿ ತೆಗೆದು, ಅವುಗಳ ಜಾಗದಲ್ಲಿ ಹೊಸದನ್ನು ಇಡುವುದು ಇವನ ಕೆಲಸ. ಮುಲಾಜಿಲ್ಲದೆ ಮಾಡುತ್ತಿದ್ದುದರಿಂದ ಉಗ್ರಾಣದವರು ಅವನಿಗೆ ‘ಪೊರಕೆ’ ಎಂದು ಹೆಸರಿಟ್ಟಿದ್ದರು. ಅವನಿಗೆ ಅದರಲ್ಲಿ ಗುಟ್ಟಾದ ಹೆಮ್ಮೆಯೂ ಇತ್ತು.

ಆ ಪೊರಕೆ ಮುಟ್ಟದ ಪೊಟ್ಟಣ ಒಂದೇ, ಅಣ್ಣ ಕಟ್ಟಿಟ್ಟ ‘ಗದರಿಕೆ’. ಅಣ್ಣ ಕೂತಲ್ಲೇ ಬೇರು ಬಿಟ್ಟವನಂತೆ ಕಂಪ್ಯೂಟರಿಗೆ ಅಂಟಿಕೊಂಡಿರುತ್ತಿದ್ದ, ತಾಯಿ ಕೆಳಗಿನಿಂದ ಗದರುತ್ತಿದ್ದಳು. ಆ ಗದರಿಕೆಯನ್ನೇ ಅವನು ಪ್ರೋಗ್ರಾಮು ಮಾಡಿದ. ಗಂಟೆಗೊಮ್ಮೆ ಪರದೆಯ ನಡುವೆ ಚೌಕಟ್ಟೊಂದು ಮೂಡಿ ‘ಎದ್ದು ನೀರು ಕುಡಿ’ ಎನ್ನುತ್ತಿತ್ತು. ಒಂದು ಕಾಲದಲ್ಲಿ ಅದಕ್ಕೆ ಸಾವಿರಾರು ಗಿರಾಕಿಗಳಿದ್ದರು. ಆಮೇಲೆ ಅದಕ್ಕಿಂತ ಚೆಲುವಾದವು ಬಂದವು, ಜನ ಬಿಟ್ಟರು. ಒಪ್ಪಿಕೊಂಡವರ ಯಂತ್ರಗಳು ವಾರಕ್ಕೊಮ್ಮೆ ತಮ್ಮಲ್ಲಿ ಯಾವ ಪೊಟ್ಟಣಗಳಿವೆ ಎಂದು ಉಗ್ರಾಣಕ್ಕೆ ತಿಳಿಸುತ್ತವೆ. ಹೆಸರಿಲ್ಲ, ವಿಳಾಸವಿಲ್ಲ, ಬರೀ ಎಣಿಕೆ. ಗದರಿಕೆಯ ಎಣಿಕೆ ಇಳಿಯುತ್ತ ಇಳಿಯುತ್ತ ಒಂದಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ.

ಆ ಒಂದು ಅಣ್ಣನೇ ಎಂದು ಮೊದಲು ಹೇಳಿದವನು ಇವನೇ. ತಾಯಿ ಊಟ ಬಿಟ್ಟು ಮಲಗಿದ್ದ ದಿನಗಳಲ್ಲಿ, ಸಮಾಧಾನಕ್ಕೆಂದು ಹೇಳಿದ್ದು. ಹೇಳಿ ಹೇಳಿ ಅವನಿಗೂ ಅದು ನಿಜವಾಗಿಬಿಟ್ಟಿತು.

ಈ ಸಲ ಮಾತ್ರ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಗದರಿಕೆ ಆತುಕೊಂಡಿದ್ದ ಹಳೆಯ ಭಾಗವೊಂದರಲ್ಲಿ ದೊಡ್ಡ ತೂತು ಸಿಕ್ಕಿ, ಅದನ್ನು ನೆಚ್ಚಿದ ಪೊಟ್ಟಣಗಳನ್ನೆಲ್ಲ ತೆಗೆಯಬೇಕೆಂದು ಉಗ್ರಾಣದವರು ತೀರ್ಮಾನಿಸಿದರು. ‘ಬೀಗದಕೈ’ ಎಂದೇ ಎಲ್ಲರೂ ಕರೆಯುವ ಅಲ್ಲಿನ ಹಿರಿಯ ಹೆಂಗಸೊಬ್ಬಳು, ಪೊರಕೆಗೆ ತನ್ನ ಮನೆಯ ಕಸ ಕಾಣಿಸುವುದಿಲ್ಲವೇ ಎಂದು ಎಲ್ಲರೆದುರು ಚುಚ್ಚಿ ಬರೆದಳು. ಬೇರೆ ದಾರಿ ಕಾಣದೆ ಅವನು ಗದರಿಕೆಯನ್ನು ಹೊಸದಾಗಿ ಬರೆಯಲು ಕೂತ. ಮಾತು ಅದೇ ಇರಲಿ ಎಂದು ಬಿಟ್ಟ. ಚೌಕಟ್ಟನ್ನು ಮಾತ್ರ ಕೆಂಪಿನಿಂದ ಹಸಿರಿಗೆ ತಿರುಗಿಸಿದ.

ಬರೆಯುತ್ತ ಅವನಿಗೊಂದು ಹೊಳೆಯಿತು. ಹೊಸದಾಗಿ ಬರೆದ ಪೊಟ್ಟಣ ಹಳೆಯದರ ಜಾಗಕ್ಕೆ ಬರುವಾಗ ಯಂತ್ರ ‘ಬದಲಿಸಲೇ?’ ಎಂದು ಕೇಳುತ್ತದೆ. ಯಾರಾದರೂ ಹೌದೆಂದು ಒತ್ತಬೇಕು, ಒತ್ತದಿದ್ದರೆ ಹಳೆಯದೇ ಉಳಿಯುತ್ತದೆ. ಎಣಿಕೆ ಹೊಸದಕ್ಕೆ ದಾಟಿದರೆ, ಆ ಕಡೆ ಒಂದು ಕೈ ಇದೆ ಎಂದಾಯಿತು. ದಾಟದಿದ್ದರೆ ಅಲ್ಲಿರುವುದು ಯಾರೂ ಇಲ್ಲದೆ ಓಡುತ್ತಿರುವ ಬರೀ ಯಂತ್ರ. ಅಂದೇ ಪೊಟ್ಟಣವನ್ನು ಉಗ್ರಾಣಕ್ಕೆ ಏರಿಸಿದ.

ಭಾನುವಾರ ನೋಡಿದರೆ ಹಳೆಯದು ಸೊನ್ನೆ, ಹೊಸದು ಒಂದು.

ಅವನು ಕುರ್ಚಿ ತಳ್ಳಿ ಎದ್ದು ತಾಯಿಯ ಎರಡು ಕೈಯನ್ನೂ ಹಿಡಿದುಕೊಂಡ. ಒತ್ತಿದಾನಮ್ಮ, ಅವನೇ ಕೈಯಾರೆ ಒತ್ತಿದಾನೆ ಎಂದು ಹೇಳಿದ. ಅವಳಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಮಗನ ಮುಖ ನೋಡಿಯೇ ಕಣ್ಣು ತುಂಬಿಕೊಂಡಿತು. ಅಂದು ಮಧ್ಯಾಹ್ನ ಅವಳು ದೊಡ್ಡವನ ಹೊದಿಕೆಗಳನ್ನೆಲ್ಲ ಒಗೆದು ತಂತಿಯ ಮೇಲೆ ಹರವಿದಳು. ಸೊಸೆ ಕ್ಲಿಪ್ಪು ಕೊಡುತ್ತ ನಿಂತಿದ್ದಳು.

ಮರುದಿನ ಅವನು ಅಂಗಡಿಗೆ ಬೇಕಾದ ಕನ್ನಡಕದ ಗಾಜುಗಳ ಡಬ್ಬಿಯನ್ನು ಮರೆತು ಹೋಗಿದ್ದ. ಅದಕ್ಕೆಂದು ನಡುಹಗಲಲ್ಲಿ ಮನೆಗೆ ಬಂದ. ಕೆಳಗೆ ಯಾರೂ ಇರಲಿಲ್ಲ. ಮಾಳಿಗೆಯಿಂದ ಮೆಲ್ಲನೆಯ ಗುಯ್‌ಗುಟ್ಟುವಿಕೆ ಕೇಳುತ್ತಿತ್ತು. ಆ ಸದ್ದು ಅವನಿಗೆ ಹೊಸದಲ್ಲ. ನೀರಿನ ಪಂಪಿನದೆಂದು ಇಷ್ಟು ವರ್ಷ ತಿಳಿದಿದ್ದ. ಆದರೆ ಕರೆಂಟು ಉಳಿಸಲೆಂದು ಪಂಪನ್ನು ಬೆಳಿಗ್ಗೆ ಅವನೇ ಆರಿಸಿ ಹೋಗಿದ್ದ.

ಅಣ್ಣನ ಕೋಣೆಗೆ ಸದಾ ಬೀಗ, ಬೀಗದ ಕೈ ತಾಯಿಯ ಸೊಂಟದಲ್ಲಿ. ಈಗ ಬಾಗಿಲು ತೆರೆದೇ ಇತ್ತು. ಕಿಟಕಿ ಮುಚ್ಚಿದ ಕೋಣೆ ಮನುಷ್ಯರು ಮಲಗಿ ಎದ್ದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಅಣ್ಣನ ಮುದಿ ಕಂಪ್ಯೂಟರ್ ಓಡುತ್ತಿತ್ತು. ಅದರ ಮುಂದೆ, ಅಣ್ಣ ಕೂರುತ್ತಿದ್ದಂತೆಯೇ ಕಾಲು ಮೇಲೆ ಮಡಚಿಕೊಂಡು ತಾಯಿ ಕೂತಿದ್ದಳು. ಪರದೆಯಲ್ಲಿ ಚೌಕಟ್ಟು ಮೂಡಿತು, ‘ಎದ್ದು ನೀರು ಕುಡಿ.’ ಅವಳು ಪಕ್ಕದಲ್ಲಿದ್ದ ಲೋಟ ಎತ್ತಿ ನೀರು ಕುಡಿದಳು.

ಆ ಚೌಕಟ್ಟು ಹಸಿರು ಬಣ್ಣದ್ದಾಗಿತ್ತು.

ತಾಯಿ ತಿರುಗಿ ನೋಡಿ, ಕದ್ದು ಸಿಕ್ಕಿಬಿದ್ದ ಮಗುವಿನಂತೆ ಎದ್ದು ನಿಂತಳು. ಹೋಗುವ ಹಿಂದಿನ ದಿನ ಅಣ್ಣ ಹೇಳಿದ್ದನಂತೆ: ಇದನ್ನು ಆರಿಸಬೇಡ, ಏನಾದರೂ ಕೇಳಿದರೆ ಈ ಕೀ ಒತ್ತು ಸಾಕು. ಅಂದಿನಿಂದ ದಿನವೂ ಧೂಳು ಒರೆಸಿ, ಕೂತು, ಕೇಳಿದಾಗಲೆಲ್ಲ ಒತ್ತುತ್ತ ಬಂದಿದ್ದಳು. ಹೋದ ವಾರವೂ ಏನೋ ಕೇಳಿತು, ಒತ್ತಿದೆ ಎಂದಳು.

"ನನಗ್ಯಾಕೆ ಹೇಳ್ಲಿಲ್ಲ?" ಎಂದು ಅವನು ಕೇಳಿದ.

"ನೀನು ಹಳೇದನ್ನೆಲ್ಲ ಗುಡಿಸಿ ಹಾಕೋನು. ಇದನ್ನೂ ಗುಡಿಸ್ತೀಯ ಅಂತ ಭಯ ಆಯ್ತು. ಯಾಕೆ, ಒತ್ತಿದ್ದು ತಪ್ಪಾಯ್ತಾ?"

ತಪ್ಪಿಲ್ಲಮ್ಮ ಎಂದು ಹೇಗೋ ಹೇಳಿ ಅವನು ಕೆಳಗಿಳಿದ. ಡಬ್ಬಿ ಮತ್ತೆ ಮರೆತುಹೋಯಿತು. ಇಷ್ಟು ವರ್ಷ ಅವಳು ಬಾಗಿಲಲ್ಲಿ ನಿಂತು ‘ಇದಾನಾ’ ಎಂದು ಕೇಳಿದ್ದು ತನ್ನ ಬಗ್ಗೆಯೇ. ಇವನು ‘ಇದಾನೆ’ ಎಂದದ್ದೂ ಅವಳ ಬಗ್ಗೆಯೇ. ಅಂಗಡಿಯಲ್ಲಿ ಅಂದು ಗಿರಾಕಿಯೊಬ್ಬರು ಅಕ್ಷರದ ಹಲಗೆಯನ್ನು ಮೇಲಿಂದ ಕೆಳಗೆ ಓದಿ ಮುಗಿಸಿ, ಮುಂದೇನು ಎಂದು ಕಾಯುತ್ತ ಕೂತಿದ್ದರೂ ಅವನಿಗೆ ಎಚ್ಚರವಿರಲಿಲ್ಲ.

ಆ ಒಂದು ಅವಳೇ ಎಂದು ತಾಯಿಗೆ ಹೇಳಲೇಬೇಕೆಂದು ನಿಶ್ಚಯಿಸಿದ. ಆದರೆ ಬಾಯಿಮಾತಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ತಾಯಿ ಸ್ನಾನಕ್ಕೆ ಹೋದಾಗ ಮೇಲೆ ಹೋಗಿ, ಆ ಯಂತ್ರದ ಹಿಂದಿನ ಇಂಟರ್ನೆಟ್ ತಂತಿಯನ್ನು ಕಿತ್ತುಬಿಟ್ಟ. ಯಂತ್ರ ಓಡುತ್ತಲೇ ಇತ್ತು, ಹೊರಗಿನ ಲೋಕದ ಪಾಲಿಗೆ ಮಾತ್ರ ಸತ್ತಿತ್ತು. ಎಣಿಕೆ ಸೊನ್ನೆಗೆ ಬರಲಿ, ಆ ಸೊನ್ನೆಯನ್ನು ತೋರಿಸಿ ತಾಯಿಯನ್ನು ಕೂರಿಸಿಕೊಂಡು ಹೇಳುತ್ತೇನೆ ಎಂದುಕೊಂಡ.

ಭಾನುವಾರ ಪುಟ ತೆರೆದ. ಒಂದು.

ಬಾಗಿಲಲ್ಲಿ ತಾಯಿ ಕೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಅವಳು ಎರಡನೆಯ ಸಲ ಕೇಳಿದಾಗ ಗೋಣು ಹಾಕಿದ. ಮೇಲೆ ಹೋಗಿ ನೋಡಿದರೆ ತಂತಿ ಕಿತ್ತಿಟ್ಟಲ್ಲೇ ನೆಲದ ಮೇಲಿತ್ತು. ಇಳಿದು ಬಂದು ಮೆಟ್ಟಿಲ ಮೇಲೆ ಕೂತಾಗ, ಉಗ್ರಾಣದವರಿಗೆಲ್ಲ ಗೊತ್ತಿರುವ ಸಂಗತಿ ತಡವಾಗಿ ನೆನಪಾಯಿತು. ಪ್ರತಿ ಯಂತ್ರಕ್ಕೂ ಉಗ್ರಾಣ ಒಂದು ಗುರುತು ಕೊಡುತ್ತದೆ. ಆ ಯಂತ್ರದ ಒಡಲಲ್ಲಿರುವುದನ್ನೆಲ್ಲ ಇದ್ದ ಹಾಗೇ ಇನ್ನೊಂದಕ್ಕೆ ನಕಲು ಮಾಡಿದರೆ ಗುರುತೂ ನಕಲಾಗುತ್ತದೆ. ಎರಡು ಯಂತ್ರಗಳು ಎರಡು ದಿಕ್ಕಿನಿಂದ ಕೂಗಿದರೂ ಉಗ್ರಾಣ ಎಣಿಸುವುದು ಒಂದೇ. ಅಣ್ಣ ನಕಲು ಮಾಡಿಕೊಂಡು ಒಯ್ದ, ಈ ಕೋಣೆಯ ಯಂತ್ರದ ಅವಳಿಯೊಂದು ಎಲ್ಲೋ ಓಡುತ್ತಿದೆ, ಅಲ್ಲೂ ಯಾರೋ ಹೌದೆಂದು ಒತ್ತಿದ್ದಾರೆ.

ಹೆಂಡತಿಗೆ ಎಲ್ಲವನ್ನೂ ಹೇಳಿದ. ಅಂದರೆ ಭಾವ ಇದ್ದಾರೆ ಎಂದಾಯಿತಲ್ಲ, ಅದಕ್ಕೇಕೆ ಹೀಗೆ ಬಿಳುಚಿಕೊಂಡಿದ್ದೀರಿ ಎಂದು ಅವಳು ಕೇಳಿದಳು.

"ಇಲ್ಲಿ ಅಮ್ಮ ಕೂತ ಹಾಗೆ ಅಲ್ಲೂ ಯಾರೋ ಕೂತಿರಬಹುದು," ಎಂದ ಅವನು. "ಅವನು ಅಲ್ಲಿಂದಲೂ ಹೋಗಿರಬಹುದು. ಆರಿಸಬೇಡ, ಕೇಳಿದ್ರೆ ಒತ್ತು ಅಂತ ಅವರಿಗೂ ಹೇಳಿರ್ತಾನೆ."

ಅವಳು ಸೆರಗು ಹೊದ್ದುಕೊಂಡು ಎದ್ದು ಮಾಳಿಗೆಯ ಮೆಟ್ಟಿಲ ದೀಪ ಹಾಕಿ ಬಂದಳು. ಅಂದಿನಿಂದ ಅದನ್ನು ಯಾರೂ ಆರಿಸಲಿಲ್ಲ.

ಕೊನೆಗೆ ಅವನು ಉಗ್ರಾಣದಲ್ಲಿ ಯಾರೂ ಮಾಡಬಾರದ ಕೆಲಸವನ್ನು ಮಾಡಿದ. ಊರಿಗೆಲ್ಲ ಸೇರಿದ ಪೊಟ್ಟಣದಲ್ಲಿ ಮನೆಯ ಮಾತನ್ನು ಕಟ್ಟಿಟ್ಟ. ‘ಎದ್ದು ನೀರು ಕುಡಿ’ ಎಂಬುದನ್ನು ಅಳಿಸಿ, ಹಸಿರು ಚೌಕಟ್ಟಿನೊಳಗೆ ಹೀಗೆ ಬರೆದ: ‘ಅಮ್ಮ ದಿನಾ ನಿನ್ನ ಕುರ್ಚೀಲಿ ಕೂತಿರ್ತಾಳೆ. ಬರೋದು ಬೇಡ, ಇದೀನಿ ಅಂತ ಒಂದು ಮಾತು ತಿಳಿಸು.’ ಕೆಳಗೆ ಫೋನ್ ನಂಬರು ಹಾಕಿದ. ಆ ವಾರವೆಲ್ಲ ಫೋನನ್ನು ಅಂಗೈಯಲ್ಲೇ ಇಟ್ಟುಕೊಂಡು ತಿರುಗಿದ. ಅದು ರಿಂಗಾದಾಗಲೆಲ್ಲ ಅಂಗಡಿಯ ಗಿರಾಕಿಗಳೇ, ಕನ್ನಡಕ ಆಯಿತಾ ಎಂದು.

ಭಾನುವಾರ ಬಂತು. ಇರುವ ಯಂತ್ರಗಳು: ಸೊನ್ನೆ.

ಅವನು ಕಣ್ಣುಜ್ಜಿಕೊಂಡು ಪಕ್ಕದ ಕಾಲಮ್ಮು ನೋಡಿದ. ಆ ವಾರ ಎಷ್ಟು ಜನ ಪೊಟ್ಟಣವನ್ನು ತಮ್ಮ ಯಂತ್ರದಿಂದ ಕಿತ್ತು ಹಾಕಿದರು ಎಂಬ ಲೆಕ್ಕ ಅಲ್ಲಿರುತ್ತದೆ. ಗದರಿಕೆಯ ಸಾಲಿನಲ್ಲಿ ಆ ಕಾಲಮ್ಮನ್ನು ಅವನು ನೋಡುತ್ತಿರಲಿಲ್ಲ, ಎಣಿಕೆ ಒಂದಕ್ಕೆ ನಿಂತ ಮೇಲೆ ಅಲ್ಲಿ ಏನೂ ಇರುತ್ತಿರಲಿಲ್ಲ. ಇಂದು ಅಲ್ಲಿ ಒಂದು ಎಂದಿತ್ತು.

ಕೆಟ್ಟುನಿಂತ ಯಂತ್ರ ಏನನ್ನೂ ಕಿತ್ತು ಹಾಕುವುದಿಲ್ಲ. ಕೀ ಒತ್ತುತ್ತ ಕೂತ ಬೇರೆ ಯಾರೋ ಆಗಿದ್ದರೆ ಆ ಮಾತು ಅವರಿಗೆ ನಾಟುತ್ತಲೂ ಇರಲಿಲ್ಲ. ಓದಿದ್ದು ಅಣ್ಣನೇ. ಓದಿ, ತೆಗೆದುಹಾಕು ಎಂದು ಹೇಳಿ, ಖಂಡಿತವೇ ಎಂದು ಯಂತ್ರ ಕೇಳಿದ್ದಕ್ಕೆ ಹೌದೆಂದು ಒತ್ತಿದವನೂ ಅವನೇ. ಇಷ್ಟು ವರ್ಷ ಕಂಡ ಅಂಕಿಗಳಲ್ಲಿ ಅಣ್ಣ ಬದುಕಿದ್ದಾನೆಂದು ನಿಜವಾಗಿ ಹೇಳಿದ್ದು ಈ ಸೊನ್ನೆ ಒಂದೇ. ಅವನು ಅಂಗೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಕವುಚಿಟ್ಟ. ಸಂತೋಷಕ್ಕೋ ಹೇಸಿಗೆಗೋ ಅವನಿಗೇ ತಿಳಿಯಲಿಲ್ಲ.

ತಾಯಿ ಬಾಗಿಲಿಗೆ ಬಂದು ನಿಂತಳು.

"ಇದಾನಾ?"

"ಇದಾನಮ್ಮ."

ಇಂದು ಅವಳು ಒಳಗೆ ಹೋಗಲಿಲ್ಲ. ಅವನ ಬೆನ್ನನ್ನೇ ನೋಡುತ್ತ ನಿಂತಳು. ಈ ಸಲದ ‘ಇದಾನೆ’ ಬೇರೆಯೆಂದು ಅವಳಿಗೆ ಕೇಳಿಸಿತ್ತು. ಇಷ್ಟು ವರ್ಷ ಒಂದು ಸಲವೂ ಕೇಳದಿದ್ದುದನ್ನು ಕೇಳಿದಳು.

"ನಾನು ಇನ್ನೂ ಇದೀನಿ ಅಂತ ಅವನಿಗೆ ಗೊತ್ತಾ?"

ಅವನು ಪರದೆಯನ್ನು ಕೈಯಿಂದ ಮುಚ್ಚಿದ.

"ಗೊತ್ತಮ್ಮ," ಎಂದ.