ಗಂಟಲಿನದಲ್ಲ

ಪೈಲಟ್ ಗ್ರಾಂಟಿನ ಅರ್ಜಿಯ ಒಂಬತ್ತನೇ ಪುಟದಲ್ಲಿ ಒಂದು ಸಣ್ಣ ಪ್ರಶ್ನೆ ಇತ್ತು: ನೀವು ಬಳಸುವ ಜೀವಕೋಶಗಳ ಗುರುತು ಪರೀಕ್ಷೆ ಆಗಿದೆಯೇ? ಪಕ್ಕದಲ್ಲಿ ಎರಡು ಚೌಕ, ಹೌದು ಮತ್ತು ಇಲ್ಲ. ನಮ್ಮ ಪ್ರಯೋಗಾಲಯದಿಂದ ಈ ಅರ್ಜಿ ತುಂಬಿದವರೆಲ್ಲ 'ಹೌದು' ಎಂದು ಟಿಕ್ ಹಾಕಿ ಮುಂದಿನ ಪುಟಕ್ಕೆ ಹೋಗಿದ್ದರು. ನಾನು ಹೋಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಸುಳ್ಳು ಬರೆಯುವಾಗ ನನ್ನ ಅಕ್ಷರ ಕೆಡುತ್ತದೆ. 'ಫಲಿತಾಂಶ ಬರಬೇಕಿದೆ' ಎಂದು ಬದಿಯಲ್ಲಿ ಬರೆದು ಎರಡು ಕೊಳವೆಗಳನ್ನು ಪರೀಕ್ಷೆಗೆ ಕಳಿಸಿದೆ. ಒಂದರಲ್ಲಿ ಆ ವಾರ ಬೆಳೆಸಿದ ಕೋಶಗಳು. ಇನ್ನೊಂದರಲ್ಲಿ, ಕೋಶಗಳನ್ನು ಹೆಪ್ಪುಗಟ್ಟಿಸಿಡುವ ನೈಟ್ರೋಜನ್ ಟ್ಯಾಂಕಿನ ತಳದಲ್ಲಿ ಸಿಕ್ಕ ಅತಿ ಹಳೆಯವು. ಅದರ ಲೇಬಲ್ ಮೇಲೆ ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಮೇಷ್ಟ್ರ ಕೈಬರಹ, ಇಪ್ಪತ್ತೆರಡು ವರ್ಷ ಹಿಂದಿನ ತಾರೀಖು.

ಪೈಲಟ್ ಗ್ರಾಂಟ್ ಅಂದರೆ ವಿಶ್ವವಿದ್ಯಾಲಯ ಕ್ಯಾನ್ಸರ್ ಸಂಶೋಧಕರಿಗೆ ಕೊಡುವ ಒಂದು ವರ್ಷದ ಪುಟ್ಟ ನೆರವು. ಒಂದು ಯೋಚನೆ ತನ್ನ ಕಾಲ ಮೇಲೆ ನಿಲ್ಲುತ್ತದೋ ಇಲ್ಲವೋ ನೋಡುವುದಕ್ಕೆ. ನನ್ನ ಯೋಚನೆ ಗಂಟಲಿನ ಕ್ಯಾನ್ಸರಿನದು: ಧ್ವನಿಪೆಟ್ಟಿಗೆಯನ್ನು ಕತ್ತರಿಸಿ ತೆಗೆಯದೆ ಗಡ್ಡೆಯನ್ನು ಕರಗಿಸುವ ಒಂದು ಮದ್ದು. ಗಂಟಲಿನವೆಂದು ನಾವು ಬೆಳೆಸುತ್ತಿದ್ದ ಕೋಶಗಳ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಮುಂದಿನ ತಿಂಗಳ ಕೊನೆಗೆ ನನ್ನ ನೇಮಕಾತಿ ಮುಗಿಯುತ್ತಿತ್ತು. ಗ್ರಾಂಟ್ ಬಂದರೆ ಇನ್ನೊಂದು ವರ್ಷ, ನನ್ನದೇ ಒಂದು ಮೇಜು. ಬಾರದಿದ್ದರೆ ಬೀಗದ ಕೈ ಒಪ್ಪಿಸಿ ಹೊರಡುವುದು.

ಅರ್ಜಿ ಮೊದಲ ಸುತ್ತು ದಾಟಿತು. ಸಂದರ್ಶನಕ್ಕೆ ಎರಡು ದಿನ ಇರುವಾಗ ಪರೀಕ್ಷೆಯ ವರದಿ ಬಂತು.

ಅದನ್ನು ಮೊದಲು ತೋರಿಸಿದ್ದು ತೊಟ್ಟಿಲಮ್ಮನಿಗೆ. ಆ ಹೆಸರು ಹಿಂದಿನ ವಿದ್ಯಾರ್ಥಿಗಳು ಇಟ್ಟದ್ದು. ಹತ್ತೊಂಬತ್ತು ವರ್ಷದಿಂದ ಈ ಕೋಶಗಳಿಗೆ ಊಟ ಹಾಕಿ ಬೆಳೆಸುತ್ತಿರುವ ಟೆಕ್ನಿಷಿಯನ್ ಅವರು. ಗಾಜಿನ ಕುಪ್ಪಿಯನ್ನು ಬೆಳಕಿಗೆ ಹಿಡಿದು ಆಚೀಚೆ ತೂಗುವಾಗ ಅವರ ಮುಖದಲ್ಲಿ ಬಾಣಂತಿ ಕೋಣೆಯ ಸಮಾಧಾನ ಇರುತ್ತಿತ್ತು.

"ಇದೆಲ್ಲ ನನಗೆ ಓದೋಕೆ ಬರಲ್ಲ ಕಣೇ, ಬಿಡಿಸಿ ಹೇಳು."

"ಇವು ಗಂಟಲಿನವಲ್ಲ ಅಮ್ಮ. ಯಾರೋ ಹೆಂಗಸಿನ ಮೂತ್ರಕೋಶದ ಗಡ್ಡೆಯವು."

ಅವರು ಕೈಗವಸು ಬಿಚ್ಚಿದರು. ಒಂದೊಂದೇ ಬೆರಳು ಎಳೆದು, ನಿಧಾನವಾಗಿ. "ನನ್ನ ಕೈಯಿಂದ ಏನಾದ್ರೂ ಆಯ್ತಾ?"

ಆಗಬಹುದಿತ್ತು. ಒಂದೇ ಮೇಜಿನ ಮೇಲೆ ಎರಡು ಬಗೆಯ ಕೋಶಗಳಿದ್ದು, ಒಂದಕ್ಕೆ ಅದ್ದಿದ ನಳಿಗೆ ಮರೆತು ಇನ್ನೊಂದಕ್ಕೆ ತಾಗಿದರೆ ಸಾಕು. ಒಂದು ಹನಿ. ಬೇಗ ಬೆಳೆಯುವವು ನಿಧಾನ ಬೆಳೆಯುವವನ್ನು ಕೆಲವೇ ವಾರಗಳಲ್ಲಿ ನುಂಗಿಬಿಡುತ್ತವೆ. ಹೊರಗಿನ ಲೇಬಲ್ ಮಾತ್ರ ಹಳೆಯದೇ ಇರುತ್ತದೆ. ಆದರೆ ಎರಡೂ ಕೊಳವೆಗಳ ಫಲಿತಾಂಶ ಒಂದೇ ಆಗಿತ್ತು.

"ಇಲ್ಲ. ಆ ಹಳೇ ಕೊಳವೆ ನೀವು ಕೆಲಸಕ್ಕೆ ಸೇರೋಕೆ ಮೂರು ವರ್ಷ ಮುಂಚೇದು."

"ಹಾಗಾದ್ರೆ ನಾನು ಸಾಕಿದ್ದು ಯಾರ ಮಗೂನೇ?" ಎಂದು ಅವರು ನಗಲು ನೋಡಿದರು. ನಗು ಬರಲಿಲ್ಲ.

ಮೇಷ್ಟ್ರ ಕೋಣೆಯಲ್ಲಿ ಅವರ ಕುರ್ಚಿಯ ಹಿಂದೆ ಆ ಕೋಶಗಳದೇ ದೊಡ್ಡ ಚಿತ್ರವೊಂದು ಚೌಕಟ್ಟಿನಲ್ಲಿತ್ತು, ಬೇರೆಯವರ ಕೋಣೆಯಲ್ಲಿ ಕುಟುಂಬದ ಫೋಟೋ ಇರುವ ಹಾಗೆ. ಅವರು ವರದಿಯನ್ನು ಮೂರು ಸಲ ಓದಿದರು.

"ಬಾಗಿಲು ಹಾಕು. ಯಾರ್ಯಾರಿಗೆ ಗೊತ್ತು?"

"ತೊಟ್ಟಿಲಮ್ಮನಿಗೆ."

"ಅವಳದೇ ಕೈತಪ್ಪು ಇರಬೇಕು."

"ಎರಡನೇ ಸಾಲು ನೋಡಿ ಸರ್. ಅದು ನಿಮ್ಮ ಅಕ್ಷರದ ಕೊಳವೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ಮೊದಲು ಗ್ರಾಂಟ್ ತಗೋ. ಆಮೇಲೆ ಒಂದೊಂದಾಗಿ ಸರಿಮಾಡೋಣ. ನಡುಹೊಳೆಯಲ್ಲಿ ನಿಂತು ದೋಣಿ ತೂತು ಅಂತ ಕೂಗಿದ್ರೆ ಎಲ್ಲರೂ ಮುಳುಗ್ತಾರೆ."

"ಕೂಗದೇ ಇದ್ರೂ ಮುಳುಗ್ತಾರಲ್ಲ ಸರ್."

"ಮಾತು ಕಲಿತಿದ್ದೀಯ."

"ಇಲ್ಲೇ ಕಲಿತದ್ದು."

ನಾಲ್ಕು ವರ್ಷದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

ನಾನಿರುವುದು ಅಕ್ಕನ ಮನೆಯಲ್ಲಿ. ಕೆಳಗೆ ಅಕ್ಕನ ಲಾಂಡ್ರಿ, ಮೇಲೆ ಎರಡು ಕೋಣೆ. ಸಂಜೆ ಅಂಗಡಿಗೆ ಹೋದಾಗ ಅವಳು ತೊಳೆದ ಬಟ್ಟೆಗಳಿಗೆ ನಂಬರ್ ಚೀಟಿ ಪಿನ್ ಮಾಡುತ್ತಿದ್ದಳು.

"ಯಾಕೆ, ಹರಳೆಣ್ಣೆ ಕುಡಿದವರ ಹಾಗೆ ಮುಖ?"

ಹೇಳಿದೆ. ಅಕ್ಕ ಪಿನ್ನನ್ನು ತುಟಿಯ ನಡುವೆ ಕಚ್ಚಿಕೊಂಡೇ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ಚೀಟಿ ಬದಲಾಗಿದೆ."

"ಅಷ್ಟು ಸುಲಭ ಅಲ್ಲ ಅಕ್ಕ."

"ಮತ್ತಿನ್ನೇನೇ? ಎರಡು ಕೋಟಿನ ಚೀಟಿ ಒಂದ್ಸಲ ನನ್ನ ಕೈಯಲ್ಲೂ ಬದಲಾಗಿತ್ತು. ಒಬ್ಬನದು ಇನ್ನೊಬ್ಬ ಹಾಕ್ಕೊಂಡು ಊರೆಲ್ಲ ಸುತ್ತಿ ಬಂದ. ಇಬ್ಬರಿಗೂ ನಾನೇ ಫೋನ್ ಮಾಡಿದೆ. ಮೂರು ದಿನ ಬೈಸಿಕೊಂಡೆ. ಕೋಟು ಅವರವರ ಮನೆಗೆ ಹೋಯ್ತು."

"ನನ್ನ ಕೆಲಸ ಹೋಗುತ್ತೆ."

"ಇಸ್ತ್ರಿ ಪೆಟ್ಟಿಗೆ ಎರಡಿದೆ, ಒಂದು ನಿನಗೆ. ಆದ್ರೆ ನೀನು ಕಾಲರ್ ಸುಡ್ತೀಯಲ್ಲ, ನನಗೆ ಅದೊಂದೇ ಯೋಚನೆ."

ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಐದು ಜನ. ನಡುವೆ ಅಧ್ಯಕ್ಷೆ, ಅವರ ಮುಂದೆ ಒಂದು ಗಡಿಯಾರ. ಮೇಜಿನ ಕೊನೆಯಲ್ಲಿ ಕುಳಿತವರನ್ನು ಎಲ್ಲರೂ ಕಂಡಕ್ಟರ್ ಅನ್ನುತ್ತಿದ್ದರು. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು, ಸಮಿತಿಯಲ್ಲಿ ರೋಗಿಗಳ ಕಡೆಯ ಸದಸ್ಯರು. ಗಂಟಲಿನ ಕ್ಯಾನ್ಸರಿಗೆ ಅವರ ಧ್ವನಿಪೆಟ್ಟಿಗೆ ಹೋಗಿತ್ತು. ಕತ್ತಿನ ರಂಧ್ರದ ಮೇಲೆ ಬಿಳಿ ಬಟ್ಟೆಯ ತುಂಡು, ಮುಂದೆ ಒಂದು ಸ್ಲೇಟು. ಹೇಳಬೇಕಾದದ್ದನ್ನು ಬರೆದು ಎತ್ತಿ ತೋರಿಸುತ್ತಿದ್ದರು. ಆದರೆ ಅವರು ಬರೆದು ಮುಗಿಸುವಷ್ಟರಲ್ಲಿ ಮಾತು ಇನ್ನೆಲ್ಲಿಗೋ ಹೋಗಿರುತ್ತಿತ್ತು. ಆಗ ಯಾರಿಗೂ ತೋರಿಸದೆ ಒರೆಸಿಬಿಡುತ್ತಿದ್ದರು. ನನ್ನೆದುರಿಗೇ ಎರಡು ಸಲ ಹಾಗಾಯಿತು.

ಮಾರ್ಗದರ್ಶಕರೆಂದು ಮೇಷ್ಟ್ರು ನನ್ನ ಹಿಂದೆ ಕುಳಿತಿದ್ದರು. ವರದಿ ನನ್ನ ಫೈಲಿನಲ್ಲಿತ್ತು.

ಹೇಳಿಯೇಬಿಡಬೇಕು ಎಂದು ಬಂದಿದ್ದೆ. ಹೇಳಲಿಲ್ಲ. ಹನ್ನೆರಡು ನಿಮಿಷ ಮಾತಾಡಿದೆ, ಸ್ಲೈಡುಗಳು ಒಂದರ ಹಿಂದೆ ಒಂದು ಓಡಿದವು, ಗಂಟಲು ಅನ್ನುವ ಪದ ಮಾತ್ರ ಬಾಯಿಗೆ ಬರಲಿಲ್ಲ. 'ಈ ಕೋಶಗಳು' ಅಂದೆ, 'ನಮ್ಮ ಕೋಶಗಳು' ಅಂದೆ. ಸುಳ್ಳೂ ಹೇಳದೆ ನಿಜವೂ ಹೇಳದೆ ಮಾತಾಡುವುದು ನನಗೆ ಅಷ್ಟು ಚೆನ್ನಾಗಿ ಬರುತ್ತದೆ ಎಂದು ಅದುವರೆಗೆ ತಿಳಿದಿರಲಿಲ್ಲ.

"ಚೆನ್ನಾಗಿತ್ತು. ಸಮಯ ಆಯ್ತು, ನೀವಿನ್ನು ಹೊರಡಬಹುದು," ಎಂದರು ಅಧ್ಯಕ್ಷೆ. ಕಂಡಕ್ಟರ್ ಬಳಪ ಕೈಗೆತ್ತಿಕೊಂಡಿದ್ದರು. ಯಾರೂ ಅತ್ತ ನೋಡಲಿಲ್ಲ. ಒಬ್ಬರು ಆಗಲೇ ಮುಂದಿನ ಅರ್ಜಿಯನ್ನು ತೆರೆದಿದ್ದರು.

"ಅವರು ಬರೀತಿದ್ದಾರೆ," ಎಂದೆ. "ನಾನು ಕಾಯ್ತೀನಿ."

"ಹೊರಗೆ ಇನ್ನೂ ಮೂವರಿದ್ದಾರಮ್ಮ."

"ಅವರೂ ಕಾಯಲಿ."

ಹಿಂದಿನಿಂದ ಮೇಷ್ಟ್ರು ಕೆಮ್ಮಿದರು. ಸ್ಲೇಟಿನ ಮೇಲೆ ಬಳಪ ಕಿರ್ರೆನ್ನುವುದೊಂದೇ ಸದ್ದು. ಅಷ್ಟು ಹೊತ್ತು ಆ ಕೋಣೆಯಲ್ಲಿ ಎಲ್ಲರೂ ಅವರಿಗಾಗಿ ಸುಮ್ಮನಿದ್ದದ್ದು ಅದೇ ಮೊದಲು ಇರಬೇಕು, ಅವರು ನಡುವೆ ಒಮ್ಮೆ ತಲೆಯೆತ್ತಿ ಅನುಮಾನದಿಂದ ನೋಡಿದರು. ಮತ್ತೆ ಬರೆದು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

ಇವು ನನ್ನಂಥವರ ಗಂಟಲಿನವೇ?

"ಅಲ್ಲ," ಎಂದೆ.

ಆಮೇಲೆ ಉಳಿದದ್ದು ಹೇಳುವುದು ಕಷ್ಟವಾಗಲಿಲ್ಲ. ವರದಿಯನ್ನು ಮೇಜಿನ ಮೇಲಿಟ್ಟೆ. ಇವು ಮೂತ್ರಕೋಶದವು, ಇಪ್ಪತ್ತೆರಡು ವರ್ಷದಿಂದ ಹೀಗೇ ಇವೆ, ಇವುಗಳ ಮೇಲೆ ಗೆದ್ದ ಮದ್ದು ಗಂಟಲಿನ ಮೇಲೆ ಗೆಲ್ಲುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಯಾವ ಆಧಾರವೂ ಇಲ್ಲ ಎಂದೆ. ಹಣ ಕೊಡುವುದಾದರೆ ನಿಜವಾದ ಗಂಟಲಿನ ಗಡ್ಡೆಯಿಂದ ಹೊಸ ಕೋಶಗಳನ್ನು ಬೆಳೆಸುವುದಕ್ಕೆ ಕೊಡಿ, ಮದ್ದು ಆಮೇಲೆ.

"ಇದು ಬೇರೆಯೇ ಅರ್ಜಿ ಆಯ್ತಲ್ಲ," ಎಂದರು ಮುಂದಿನ ಅರ್ಜಿ ತೆರೆದಿದ್ದವರು. "ನಿಯಮದಲ್ಲಿ ಇದಕ್ಕೆ ಅವಕಾಶ ಇಲ್ಲ."

"ಟಿಕ್ ಹಾಕಿ ಸುಮ್ಮನಿರೋದಕ್ಕೆ ಅವಕಾಶ ಇದೆಯಾ ಸರ್?"

ಅಧ್ಯಕ್ಷೆ ಗಡಿಯಾರ ನೋಡಿದರು. ಕಂಡಕ್ಟರ್ ಮಾತ್ರ ತಮ್ಮ ಪ್ರಶ್ನೆಯನ್ನು ಒರೆಸಲಿಲ್ಲ. ನಾನು ಹೊರಡುವಾಗಲೂ ಸ್ಲೇಟು ಮೇಜಿನ ಮೇಲೆ ಎಲ್ಲರ ಕಡೆಗೆ ಮುಖ ಮಾಡಿ ನಿಂತಿತ್ತು.

ಒಂಬತ್ತನೇ ದಿನ ಸಮಿತಿಯ ಪತ್ರ ಬಂತು, ಗ್ರಾಂಟ್ ಇಲ್ಲ. 'ಪ್ರಾಥಮಿಕ ಫಲಿತಾಂಶಗಳು ಸಾಲವು.' ಒಂದೇ ಸಾಲು. ನನ್ನ ಹತ್ತಿರ ಇದ್ದ ಗಟ್ಟಿಯಾದ ಫಲಿತಾಂಶ ಆ ಗುರುತು ಪರೀಕ್ಷೆಯ ವರದಿಯೊಂದೇ, ಅವರು ಅದನ್ನೇ ಸಾಲದು ಅಂದಿದ್ದರು. ಓದಿ ಮಡಚಿ ಜೇಬಿಗಿಟ್ಟೆ. ಅಳು ಬರುತ್ತದೆ ಅಂದುಕೊಂಡಿದ್ದೆ, ಬಂದದ್ದು ಸಿಟ್ಟು. ಅದೂ ಒಳ್ಳೆಯದೇ ಆಯಿತು. ಇನ್ನೂ ಹದಿನಾಲ್ಕು ದಿನ ಬೀಗದ ಕೈ ನನ್ನ ಬಳಿಯೇ ಇತ್ತು.

"ಅಮ್ಮ, ಈ ಕೋಶಗಳನ್ನ ಬೇರೆ ಲ್ಯಾಬಿನವರು ಕೇಳಿದಾಗ ಕಳಿಸ್ತಿದ್ರಲ್ಲ. ಎಲ್ಲೆಲ್ಲಿಗೆ ಅಂತ ನೆನಪಿದೆಯಾ?"

ತೊಟ್ಟಿಲಮ್ಮ ಕಪಾಟಿನಿಂದ ನೀಲಿ ರಟ್ಟಿನ ರಿಜಿಸ್ಟರ್ ತಂದು ಮುಂದಿಟ್ಟರು. "ಹೆಣ್ಣು ಕೊಟ್ಟ ಮನೆ ಮರೀತಾರೇನೇ?" ಪ್ರತಿ ವಿಳಾಸವೂ ಇತ್ತು, ಕಳಿಸಿದ ದಿನದ ಜೊತೆ. ಮೂವತ್ತೊಂದು ಲ್ಯಾಬುಗಳು. ಅಲ್ಲೆಲ್ಲ ಯಾರೋ ನನ್ನಂತೆಯೇ ಕುಳಿತು, ಗಂಟಲು ಅಂದುಕೊಂಡು ಮೂತ್ರಕೋಶಕ್ಕೆ ಮದ್ದು ಹಾಕುತ್ತಿದ್ದರು.

ಪತ್ರ ನಾನು ಬರೆದೆ. ಅವರು ಲಕೋಟೆಗಳ ಮೇಲೆ ವಿಳಾಸ ಬರೆದರು, ಪ್ರತಿಯೊಂದರೊಳಗೂ ವರದಿಯ ನಕಲು ಇಟ್ಟರು. ಇಮೇಲ್ ಕಳಿಸಿದರೆ ಸಾಲದೇ ಎಂದು ಪಕ್ಕದ ಮೇಜಿನವನು ಕೇಳಿದ. "ಅದನ್ನೂ ಕಳಿಸ್ತೀವಿ. ಇದು ಅಳಿಸಿ ಹಾಕೋಕೆ ಆಗದೇ ಇರೋದಕ್ಕೆ," ಎಂದರು ತೊಟ್ಟಿಲಮ್ಮ.

ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತದ್ದು ಯಾವಾಗಲೋ. ಸಂದರ್ಶನದ ದಿನದಿಂದ ಅವರು ನನ್ನೊಡನೆ ಮಾತಾಡಿರಲಿಲ್ಲ.

"ನಿಲ್ಲಿಸು."

"ಇಲ್ಲ ಸರ್."

"ನನ್ನ ಹೆಸರು ಅಚ್ಚಾದ ಕಾಗದ ಅದು."

"ನಿಮ್ಮ ಸಹಿಗೆ ಜಾಗ ಬಿಟ್ಟಿದ್ದೀನಿ. ಹಾಕಿದ್ರೆ ನಿಮ್ಮ ಪತ್ರ, ಹಾಕದಿದ್ರೆ ನನ್ನದು. ಹೋಗೋದಂತೂ ಹೋಗುತ್ತೆ."

ಅವರು ಒಳಗೆ ಬಂದರು. ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು. ತೊಟ್ಟಿಲಮ್ಮ ತಲೆಯೆತ್ತದೆ ಲಕೋಟೆಗೆ ಗೋಂದು ಹಚ್ಚುತ್ತಲೇ ಇದ್ದರು. ಕೊನೆಯ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು.

"ಮೂವತ್ತೊಂದಲ್ಲ, ಮೂವತ್ತೆರಡು," ಎಂದರು. "ಒಂದನ್ನ ನಾನೇ ಕೈಯಾರೆ ಕೊಟ್ಟಿದ್ದೆ, ಓದುವಾಗಿನ ಗೆಳೆಯನಿಗೆ. ಇದರಲ್ಲಿ ಬರೆದಿಲ್ಲ." ಒಂದು ಚೀಟಿಯ ಮೇಲೆ ವಿಳಾಸ ಬರೆದು ಗೋಂದಿನ ಸೀಸೆಯ ಕೆಳಗೆ ಸಿಕ್ಕಿಸಿ ಹೊರಟುಹೋದರು. ಸಹಿ ಹಾಕಲಿಲ್ಲ.

ತೊಟ್ಟಿಲಮ್ಮ ಇನ್ನೊಂದು ಲಕೋಟೆ ಎಳೆದುಕೊಂಡರು.

"ಇಲ್ಲಿಂದ ಹೋದ ಮೇಲೆ ಏನು ಮಾಡ್ತೀಯೇ?"

"ಅಕ್ಕನ ಅಂಗಡೀಲಿ ಇಸ್ತ್ರಿ. ಮುಂದಿನ ಅರ್ಜಿ ಕರೆಯೋ ತನಕ."

"ಮತ್ತೆ ಅದೇ ಸಮಿತಿಗಾ?"

"ಅದೇ ಸಮಿತಿಗೆ. ಅದೇ ವರದಿ, ಈ ಸಲ ಮೊದಲನೇ ಪುಟದಲ್ಲಿ."

ಮೂವತ್ತೆರಡನೆಯ ಪತ್ರಕ್ಕೂ ನಾನೇ ಸಹಿ ಹಾಕಿದೆ.